ಅಕ್ಕುವಿನ ದವಡೆಯ ಮಳೆಗಾಲ

ಡಾಕ್ಟರು ಕೇಳಿದ್ದು ಎಪ್ಪತ್ತೆಂಟು ಸಾವಿರ. ನಾನು ಕೊಟ್ಟಿದ್ದು ಅರವತ್ತೆಂಟು. ಅದರಲ್ಲಿ ಮೇಲಿನ ಹಲ್ಲಿನ ತಂತಿ, ಕೆಳಗಿನ ಹಲ್ಲಿನ ತಂತಿ, ತಿಂಗಳಿಗೊಮ್ಮೆ ತೋರಿಸುವ ಖರ್ಚು, ಎಕ್ಸ್‌ರೇ, ಕೊನೆಗೆ ನನ್ನ ಮಗಳ ಬಾಯಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಕೂರಿಸುವ ಎರಡು ಸ್ಪ್ರಿಂಗು, ಎಲ್ಲ ಸೇರಿತ್ತು. ಕಿರುಬೆರಳಿನ ಎರಡು ಗೆಣ್ಣಿನಷ್ಟು ಉದ್ದ, ನೋಡಲಿಕ್ಕೆ ಬಾಲ್‌ಪೆನ್ನಿನ ಒಳಗಿರುತ್ತದಲ್ಲ, ಹೆಚ್ಚು ಕಡಿಮೆ ಅಂಥದ್ದೇ. ಇಷ್ಟಕ್ಕೆ ಅಷ್ಟು ದುಡ್ಡು ಯಾಕೆ ಎಂದು ನಾನೂ ಕೇಳಿದ್ದೆ. ಹಿಂದೆ ಉಳಿದ ದವಡೆಯನ್ನು ಮುಂದೆ ತರುವ ಕೆಲಸ ಅದರದು, ಅದೂ ಮಗುವಿನ ಎಲುಬು ಇನ್ನೂ ಬೆಳೆಯುತ್ತಿರುವಾಗಲೇ. ಆ ವೇಳೆ ದಾಟಿತೆಂದರೆ ಲಕ್ಷ ತಂದು ಸುರಿದರೂ ಆ ಸ್ಪ್ರಿಂಗಿನಿಂದ ಆ ಕೆಲಸ ಆಗುವುದಿಲ್ಲ. ಇದು ನನಗೆ ಈಗ ಗೊತ್ತು. ಆ ವರ್ಷ ಗೊತ್ತಿದ್ದದ್ದು ಹತ್ತು ಸಾವಿರ ಇಳಿಸಿದೆ ಎಂಬುದೊಂದೇ.

ಹೋದ ವಾರ ಫೋನಿನಲ್ಲಿ ಮಾತಾಡುತ್ತ ತವೆಯ ಮೇಲಿನ ರೊಟ್ಟಿಯನ್ನು ಮರೆತುಬಿಟ್ಟೆ. ಜೋಳ ಸೀದ ವಾಸನೆ ಮೂಗಿಗೆ ಬಡಿಯಿತು. ಎರಡು ವರ್ಷದ ಹಿಂದೆ ಇದೇ ವಾಸನೆಯ ನಡುವೆ ನಿಂತು, ನನ್ನ ಮಗಳು ಹೇಳಿದ ಒಂದು ಮಾತು ಕೇಳಿದ್ದೆ. ಆ ಮಾತು ನನಗೆ ಇನ್ನೂ ಪೂರ್ತಿ ಅರಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಡೊಂಬಿವಲಿ ಪೂರ್ವದಲ್ಲಿ ನನ್ನದು ಖಡಕ್ ರೊಟ್ಟಿಯ ಅಂಗಡಿ. ವಿಜಯಪುರದ ಕಡೆಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ಕಲ್ಯಾಣದ ಕಟ್ಟಡಗಳಿಗೆ ಇಟ್ಟಿಗೆ ಹೊತ್ತೆ. ಆಮೇಲೆ ನಮ್ಮ ಒಂಟಿ ಕೋಣೆಯ ಖೋಲಿಯಲ್ಲೇ ಕೂತು ರೊಟ್ಟಿ ಬಡಿದು, ಬುಟ್ಟಿಯಲ್ಲಿ ಮನೆ ಮನೆಗೆ ಒಯ್ದು ಮಾರಿದೆ. ಈಗ ನಾಲ್ವರು ಹೆಂಗಸರು ನನ್ನ ಜೊತೆ ಬಡಿಯುತ್ತಾರೆ. ಮುಂಬೈಯ ಮಳೆಗಾಲದಲ್ಲಿ ಬೇರೆಯವರ ರೊಟ್ಟಿ ಎರಡನೇ ದಿನಕ್ಕೆ ಬಾಡಿದ ಎಲೆಯ ಹಾಗೆ ಜೋಲುತ್ತದೆ. ನನ್ನದು ಹದಿನೈದು ದಿನವಾದರೂ ಮುರಿದರೆ ಕಟ್ ಎಂದು ಸದ್ದು ಮಾಡಬೇಕು. ಸಣ್ಣ ಉರಿಯಲ್ಲಿ ಎರಡನೇ ಸಲ ಒಣಗಿಸಬೇಕು, ಪೂರ್ತಿ ಆರಿದ ಮೇಲೆಯೇ ಕಟ್ಟಬೇಕು. ಬಿಸಿಯಲ್ಲಿ ಕಟ್ಟಿದರೆ ಒಳಗೇ ಬೆವರುತ್ತದೆ. ಆ ಸದ್ದೇ ನನ್ನ ಹೆಸರು. ಗಿರಾಕಿಯ ಎದುರು ಒಂದು ರೊಟ್ಟಿ ಮುರಿದು ಕಿವಿಗೆ ಕೇಳಿಸಿಯೇ ನಾನು ದರ ಹೇಳುವುದು.

ಮಗಳು ಅಕ್ಷತಾ, ನಮಗೆ ಅಕ್ಕು. ಅವಳಿಗೆ ಮೇಲಿನ ಹಲ್ಲು ಮುಂದೆ, ಕೆಳತುಟಿ ಅದರಡಿ ಸಿಕ್ಕಿಕೊಂಡಂತೆ. ಶಾಲೆಯಲ್ಲಿ ಹುಡುಗರು ಮೊಲ ಎಂದು ಕರೆಯುತ್ತಿದ್ದರು. ಫೋಟೋ ತೆಗೆಯುವಾಗ ಅಂಗೈ ಬಾಯಿಗೆ ಹೋಗುತ್ತಿತ್ತು. ಎರಡು ಹಲ್ಲು ಕೀಳಿಸಿ ತಂತಿ ಹಾಕಿಸಿದರೆ ಮುಗಿಯಿತು ಎಂದುಕೊಂಡು ಕಲ್ಯಾಣದಲ್ಲಿ ಒಬ್ಬರ ದರ ಕೇಳಿದೆ, ಡೊಂಬಿವಲಿಯಲ್ಲಿ ಒಬ್ಬರದು, ಠಾಣೆಯಲ್ಲಿ ಇನ್ನೊಬ್ಬರದು. ಕೊನೆಗೆ ಸಾನಪಾಡಾದ ಡಾಕ್ಟರು ಸಿಕ್ಕರು. ಅದರ ಪಕ್ಕದ ವಾಶಿಯ ಸಗಟು ಪೇಟೆಗೆ ಜೋಳ ತರಲು ನಾನು ಹೇಗೂ ಹೋಗುತ್ತೇನೆ, ಒಂದೇ ಟಿಕೆಟ್ಟಿನಲ್ಲಿ ಎರಡು ಕೆಲಸ. ಅವರು ಉಡುಪಿ ಕಡೆಯವರು, ಇಲ್ಲಿಯೇ ಹುಟ್ಟಿ ಬೆಳೆದವರು, ನನಗಿಂತ ಹತ್ತು ವರ್ಷ ಚಿಕ್ಕವರು. ಕನ್ನಡದಲ್ಲಿ ಚೌಕಾಸಿ ಮಾಡಬಹುದು ಎಂಬುದೂ ನನ್ನ ಲೆಕ್ಕದಲ್ಲಿತ್ತು.

ಜನವರಿಯ ಒಂದು ದಿನ ಅವರು ಅಕ್ಕುವಿನ ತಲೆಯ ಪಕ್ಕದಿಂದ ತೆಗೆದ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ನನ್ನ ಮಗಳ ಬುರುಡೆ. ಜಡೆ ಇಲ್ಲ, ಕಿವಿಯ ಓಲೆ ಮಾತ್ರ ಬಿಳಿ ಚುಕ್ಕೆಯಾಗಿ ಕಾಣುತ್ತಿತ್ತು. ನಾನು ಸೀರೆಯ ಸೆರಗು ಹಿಡಿದುಕೊಂಡೆ.

"ನೋಡಿ ಅಕ್ಕ, ಮೇಲಿನ ಹಲ್ಲು ಮುಂದೆ ಬಂದದ್ದು ಅಂತ ನೀವು ಹೇಳ್ತೀರಿ. ಅದು ಹೆಚ್ಚುಕಮ್ಮಿ ಅದರ ಜಾಗದಲ್ಲೇ ಉಂಟು. ಕೆಳಗಿನ ದವಡೆ ಹಿಂದೆ ಉಳಿದದ್ದು. ಹಲ್ಲು ಕಿತ್ತರೆ ದವಡೆ ಬೆಳೆಯುದಿಲ್ಲ." ಆಮೇಲೆ ಪೆನ್ನಿನ ತುದಿಯನ್ನು ಕುತ್ತಿಗೆಯ ಮಣಿಗಳ ಮೇಲೆ ಇಟ್ಟರು. "ಈ ಎಲುಬಿನ ಆಕಾರ ನೋಡಿದ್ರೆ ಗೊತ್ತಾಗ್ತದೆ. ಇವಳ ಬೆಳವಣಿಗೆಗೆ ಇನ್ನು ಜಾಸ್ತಿ ಸಮಯ ಇಲ್ಲ."

"ಏನಂತೀರಿ ಮೇಡಂ, ಹನ್ನೆರಡು ವರ್ಷದ ಕೂಸು ಅದು. ನಮ್ಮ ಅಣ್ಣ ಇಪ್ಪತ್ತರ ತನಕಾ ಬೆಳದಾನ."

"ಹುಡುಗಿಯರದ್ದು ಬೇಗ ಮುಗೀತದೆ ಅಕ್ಕ. ಮುಟ್ಟು ಶುರುವಾಗಿ ಎಷ್ಟು ಸಮಯ ಆಯ್ತು?"

"ಎರಡ ತಿಂಗಳಾತ್ರಿ," ಎಂದೆ ಮೆಲ್ಲಗೆ. ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಬಾಯಿಗೆ ಹಾಕಿ ತೆಗೆಯುವ ಅಗ್ಗದ ಸಾಧನವೂ ಇತ್ತು. ಆದರೆ ಅದು ಬಾಯಲ್ಲಿದ್ದರೆ ಮಾತ್ರ ಕೆಲಸ ಮಾಡುತ್ತದೆ, ಡಬ್ಬಿಯಲ್ಲಿ ಕೂತರೆ ಇಲ್ಲ. ವರ್ಷಕ್ಕೆ ಮೂರು ಛತ್ರಿ ಕಳೆಯುವ ಹುಡುಗಿ ನನ್ನದು. ಅಂಟಿಸಿದ ಸ್ಪ್ರಿಂಗಾದರೆ ತೆಗೆಯಲು ಬರುವುದಿಲ್ಲ, ಹಗಲು ರಾತ್ರಿ ದವಡೆಯನ್ನು ಮುಂದಕ್ಕೆ ಒತ್ತುತ್ತಲೇ ಇರುತ್ತದೆ. ಮೊದಲು ಐದು ತಿಂಗಳು ತಂತಿ ಹಾಕಿ ಹಲ್ಲು ಸಾಲಿಗೆ ತರುವುದು, ಜೂನಿನಲ್ಲಿ ಸ್ಪ್ರಿಂಗು. ಈ ವೇಳೆ ತಪ್ಪಿದರೆ ಎಂದು ಕೇಳಿದೆ. ಹದಿನೆಂಟು ದಾಟಿದ ಮೇಲೆ ಆಪರೇಷನ್, ದವಡೆಯ ಎಲುಬು ಕೊಯ್ದು ಮುಂದೆ ಕೂರಿಸುವುದು ಎಂದರು. ಅಕ್ಕು ನನ್ನ ಪಕ್ಕದಲ್ಲೇ ಕೂತು ಅದನ್ನು ಕೇಳಿಸಿಕೊಂಡಳು. ನಾನು ತಕ್ಷಣ ದರಕ್ಕೆ ಇಳಿದೆ. ಭಯವಾದಾಗ ನನಗೆ ಬರುವ ಮಾತು ಅದೊಂದೇ.

ಜೂನಿನಲ್ಲಿ ಶಾಲೆ ಶುರುವಾಗುವ ಎರಡು ದಿನ ಮೊದಲು ಸ್ಪ್ರಿಂಗು ಕೂತಿತು. ಒಂದು ತುದಿ ಮೇಲಿನ ಹಿಂದಿನ ದವಡೆಹಲ್ಲಿಗೆ, ಇನ್ನೊಂದು ತುದಿ ಕೆಳಗಿನ ಕೋರೆಹಲ್ಲಿನ ಹತ್ತಿರದ ತಂತಿಗೆ. ಬಾಯಿ ಮುಚ್ಚಿದರೆ ಸ್ಪ್ರಿಂಗು ಅದುಮಿಕೊಂಡು ಕೆಳದವಡೆಯನ್ನು ಮುಂದೆ ದೂಡುತ್ತದೆ. ಡಾಕ್ಟರು ಗಟ್ಟಿ ಪದಾರ್ಥ ಬೇಡ ಎಂದು ಚೀಟಿ ಕೊಟ್ಟರು. ಬಾಯಿಂದಲೂ ಹೇಳಿದರು: ಚಿಕ್ಕಿ, ಅಡಿಕೆ, ಐಸು, ಕಬ್ಬು, ಹುರಿದ ಕಡಲೆ ಬೇಡ, ದೊಡ್ಡದಾಗಿ ಆಕಳಿಸಬಾರದು. ನಾನು ಒಂದೊಂದಕ್ಕೂ ತಲೆ ಆಡಿಸಿದೆ.

ವಾಪಸು ಬರುವಾಗ ಠಾಣೆಯಲ್ಲಿ ಗಾಡಿ ಬದಲಿಸಿ ಕಿಟಕಿಯ ಪಕ್ಕ ಕೂತೆವು. ಮುಂಬ್ರಾ ಗುಡ್ಡದ ಮೇಲೆ ಮೊದಲ ಮಳೆಯ ನೀರು ಬಿಳಿ ಗೀರಿನಂತೆ ಇಳಿಯುತ್ತಿತ್ತು. ಅದನ್ನು ನೋಡುತ್ತಿದ್ದ ಅಕ್ಕುವಿನ ಪಕ್ಕದ ಮುಖ ಕಂಡು ನಾನು ಬೆಚ್ಚಿದೆ. ಮುಂದೆ ಬಂದ ಆ ಗದ್ದದಲ್ಲಿ ನನ್ನ ಅಪ್ಪ ಕೂತಿದ್ದ. ಹನ್ನೆರಡು ವರ್ಷ ಈ ಹುಡುಗಿಯ ಮುಖದಲ್ಲಿ ಅವನ ಗುರುತು ಹುಡುಕಿ ಬಿಟ್ಟುಬಿಟ್ಟಿದ್ದೆ. ಈಗ ಸ್ಪ್ರಿಂಗು ಹಿಡಿದಿಟ್ಟಿರುವಷ್ಟು ಹೊತ್ತು ಮಾತ್ರ ಅವನು ಕಾಣುತ್ತಾನೆ. ಎಲುಬು ಆ ಜಾಗವನ್ನು ತನ್ನದು ಮಾಡಿಕೊಳ್ಳುವ ತನಕ ಅದು ಕೈಗಡ ತಂದ ಮುಖ.

ಮೊದಲ ವಾರ ಕಷ್ಟ. ಕೆನ್ನೆಯ ಒಳಗೆ ಹುಣ್ಣು, ಮಾತು ತೊದಲು, ಜೊಲ್ಲು. ಉಜ್ಜುವ ಕಡೆ ಮೇಣ ಅಂಟಿಸಿಕೊಂಡು ಬೇಳೆ ಅನ್ನ ನುಂಗಿದಳು. ಮನೆಯವರು ಕಂಪನಿಯ ಪಾಳಿ ಮುಗಿಸಿ ಬಂದವರು ಅವಳ ತಟ್ಟೆ ನೋಡಿ ತಾವೂ ಬೇಳೆ ಅನ್ನವನ್ನೇ ಉಂಡರು. ಹುಣ್ಣು ಮಾಗಿದ ಮೇಲೆ ನಾನೇ ಅವಳ ಡಬ್ಬಿಗೆ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಹಾಕಿ ಕಳಿಸಿದೆ. ನಮ್ಮ ಮನೆಯಲ್ಲಿ ರೊಟ್ಟಿ ಎಂದರೆ ಊಟ. ಹಪ್ಪಳದಷ್ಟು ತೆಳ್ಳಗೆ, ಬಾಯಿಗೆ ಹಾಕಿದರೆ ತಾನೇ ಪುಡಿಯಾಗುತ್ತದೆ. ಅದನ್ನು ಅಡಿಕೆ, ಚಿಕ್ಕಿಯ ಸಾಲಿಗೆ ಸೇರಿಸುವುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಮೂರು ವಾರಕ್ಕೆ ಬಲಗಡೆಯ ಸ್ಪ್ರಿಂಗು ಕಿತ್ತುಬಂತು. ನಾನು ಅದನ್ನು ಚೀಟಿಯಲ್ಲಿ ಸುತ್ತಿಕೊಂಡು ಸಾನಪಾಡಾಕ್ಕೆ ಹೋದೆ, ಹೊರಗಿನ ಕೋಣೆಯಲ್ಲಿ ಜನ ಕೂತಿರುವಾಗಲೇ ಟೇಬಲ್ಲಿನ ಮೇಲೆ ಇಟ್ಟೆ. ಜನ ಇರುವಾಗ ಕೇಳಿದರೆ ಬೇಗ ಇಳಿಯುತ್ತಾರೆ, ಪೇಟೆಯಲ್ಲಿ ಕಲಿತದ್ದು.

"ಎಂಥಾ ಮಾಲ್ ಹಾಕೀರಿ ಮೇಡಂ? ಮೂರು ವಾರದಾಗ ಮುರೀತದ ಅಂದ್ರ ಡುಪ್ಲಿಕೇಟ್ ಅಲ್ಲೇನಿದು? ನನ್ನ ರೊಟ್ಟಿ ಹದಿನೈದು ದಿನಾ ತಾಳತದ, ನಿಮ್ಮ ಕಬ್ಬಿಣ ತಾಳಂಗಿಲ್ಲ?"

ಒಬ್ಬರಿಬ್ಬರು ನಕ್ಕರು. ಡಾಕ್ಟರು ನಗಲಿಲ್ಲ. "ಎಂತ ತಿಂದದ್ದು ಅಕ್ಕ? ಚಿಕ್ಕಿ? ಕಡಲೆ?"

"ಮುಟ್ಟಿಲ್ರಿ. ಬೇಕಾದ್ರ ಕೂಸಿಗೇ ಕೇಳ್ರಿ."

ಅಕ್ಕು ಗೋಡೆಯ ಮೇಲಿನ ಹಲ್ಲುಜ್ಜುವ ಚಿತ್ರವನ್ನು ನೋಡುತ್ತ ನಿಂತಿದ್ದಳು. ತಲೆ ಅಡ್ಡ ಆಡಿಸಿದಳು. ಡಾಕ್ಟರು ದುಡ್ಡು ತೆಗೆದುಕೊಳ್ಳದೆ ಹೊಸದು ಹಾಕಿದರು. ಗಾಡಿಯಲ್ಲಿ ನಾನು ಗೆದ್ದ ಖುಷಿಯಲ್ಲಿದ್ದೆ.

"ಮಮ್ಮಿ, ತೂ ಸಬ್ ಜಗಹ್ ಬಾಜಾರ್ ಬನಾ ದೇತಿ ಹೈ," ಎಂದಳು ಅಕ್ಕು, ಕಿಟಕಿಯ ಕಡೆ ಮುಖ ಮಾಡಿ. ಎಲ್ಲಿ ಹೋದರೂ ಸಂತೆ ಮಾಡುತ್ತೀ ಎಂದು.

"ಬಾಜಾರ ಮಾಡಿದ್ದಕ್ಕ ನಿನ್ನ ಬಾಯಾಗ ಸ್ಪ್ರಿಂಗ್ ಐತಿ, ತಿಳೀತಿಲ್ಲೋ?" ಎಂದೆ.

ಇನ್ನೆರಡು ವಾರಕ್ಕೆ ಮತ್ತೆ ಕಿತ್ತುಬಂತು, ಈ ಸಲ ಎಡಗಡೆ. ಮತ್ತೆ ಹೋದೆ, ಇನ್ನೂ ಜೋರಾಗಿ. ಅಲ್ಲಿ ಕೂತಿದ್ದ ಒಬ್ಬ ತಾಯಿಗೆ ಬೇರೆ ಡಾಕ್ಟರನ್ನು ನೋಡಿಕೊಳ್ಳಿ ಎಂದು ಪುಕ್ಕಟೆ ಸಲಹೆಯನ್ನೂ ಕೊಟ್ಟೆ. ಆ ತಾಯಿಯ ಮಗಳು ಅಕ್ಕುವಿನ ಶಾಲೆಯ ಹುಡುಗಿಯೊಬ್ಬಳ ಗೆಳತಿಯಂತೆ. ನನಗೆ ಗೊತ್ತಾದದ್ದು ಆಮೇಲೆ. ಡಾಕ್ಟರು ಅರ್ಧ ದುಡ್ಡು ತೆಗೆದುಕೊಂಡು ಹೊಸದು ಹಾಕಿದರು. "ಪ್ರತಿ ಸಲ ಬಿಟ್ಟಾಗ ಕೆಲಸ ನಿಲ್ತದೆ ಅಕ್ಕ. ಬಿಟ್ಟ ದಿನವೇ ಬನ್ನಿ, ಅದೊಂದು ನೆನಪಿಡಿ," ಎಂದರು. ಅರ್ಧಕ್ಕೆ ಇಳಿದದ್ದು ನೆನಪಿತ್ತು, ಈ ಮಾತು ನೆನಪಿರಲಿಲ್ಲ.

ಶ್ರಾವಣ ಬಂತು. ನಾಗರ ಪಂಚಮಿಯ ಮುಂಚೆ ನಮ್ಮ ಕಡೆ ರೊಟ್ಟಿ ಹಬ್ಬ. ಎಳ್ಳು ಹಚ್ಚಿದ ರೊಟ್ಟಿ, ನಾಲ್ಕಾರು ಥರದ ಪಲ್ಯ, ಚಟ್ನಿಪುಡಿ ಮಾಡಿ ಮನೆಯಿಂದ ಮನೆಗೆ ಕೊಡುವುದು, ಅವರು ತಮ್ಮದನ್ನು ಕೊಡುವುದು. ನಮ್ಮ ಬಿಲ್ಡಿಂಗಿನಲ್ಲಿ ವಿಜಯಪುರ, ಕಲಬುರಗಿ, ರಾಯಚೂರಿನ ಹನ್ನೊಂದು ಮನೆಗಳಿವೆ. ಪಕ್ಕದ ಮರಾಠಿ ಮನೆಯವರೂ ಈಗ ತಟ್ಟೆ ಹಿಡಿದು ಬರುತ್ತಾರೆ. ಆ ದಿನ ಮಕ್ಕಳೆಲ್ಲ ಜಿನೆಯ ಮೆಟ್ಟಿಲ ಮೇಲೆ ಕೂತು ಯಾರ ಮನೆಯ ರೊಟ್ಟಿ ಹೆಚ್ಚು ಸದ್ದು ಮಾಡುತ್ತದೆ ಎಂದು ಪಂಥ ಕಟ್ಟಿದ್ದರು. ನನ್ನದೇ ಗೆದ್ದದ್ದು. ಒಳಗಿನಿಂದ ನನಗೆ ಆ ಕಟ್ ಕಟ್ ಕೇಳುತ್ತಿತ್ತು, ಮಕ್ಕಳ ಚೀರಾಟ ಕೇಳುತ್ತಿತ್ತು. ಒಮ್ಮೆ ಅಕ್ಕುವಿನ ದನಿ ನಿಂತದ್ದು ಕೇಳಿಸಲಿಲ್ಲ.

ಆ ತಿಂಗಳು ಆರ್ಡರಿನ ಮೇಲೆ ಆರ್ಡರು. ಸಾನಪಾಡಾದಿಂದ ಫೋನು ಬಂತು, ಮುಂದಿನ ವಾರ ಎಂದೆ. ಮತ್ತೆ ಬಂತು, ಗಣಪತಿ ಆದ ಮೇಲೆ ಎಂದೆ. ಅಕ್ಕುವೂ ಹೋಗೋಣ ಎನ್ನಲಿಲ್ಲ. ಬಲಗಡೆಯಿಂದಲೇ ಅಗಿಯುತ್ತಿದ್ದಳು, ನಗುವಾಗ ಮತ್ತೆ ಅಂಗೈ ಬಾಯಿಗೆ ಹೋಗುತ್ತಿತ್ತು. ಎರಡನ್ನೂ ನೋಡಿದ್ದೆ, ಹುಣ್ಣಿರಬೇಕು ಎಂದುಕೊಂಡಿದ್ದೆ.

ಗಣಪತಿಯ ರಜೆಯ ಒಂದು ಮಧ್ಯಾಹ್ನ ನಾನು ತವೆಯ ಮುಂದೆ, ಅವಳು ಎದುರಿಗೆ ಕೂತು ಹತ್ತತ್ತು ರೊಟ್ಟಿ ಎಣಿಸಿ ಚೀಲಕ್ಕೆ ಹಾಕುತ್ತಿದ್ದಳು. ಮಳೆಯ ಜಡ. ಮೈಮರೆತು ದೊಡ್ಡದಾಗಿ ಆಕಳಿಸಿದಳು. ಎಡಗಡೆ ಸ್ಪ್ರಿಂಗು ಇರಬೇಕಾದ ಕಡೆ ಏನೂ ಇರಲಿಲ್ಲ.

"ಎಲ್ಲೈತಿ ಅದು?"

ಅವಳು ಬಾಯಿ ಮುಚ್ಚಿದಳು. ಎದ್ದು ಹೋಗಿ ಶಾಲೆಯ ಚೀಲದಿಂದ ಕಂಪಾಸ್ ಬಾಕ್ಸ್ ತಂದಳು. ರಬ್ಬರಿನ ಕೆಳಗೆ, ಟಿಶ್ಯೂ ಕಾಗದದಲ್ಲಿ ಸುತ್ತಿದ ಸ್ಪ್ರಿಂಗು.

"ಯಾವಾಗ?"

"ರೊಟ್ಟಿ ಹಬ್ಬದ ದಿನಾ."

ತಿಂಗಳಾಗಿತ್ತು. ಪೂರ್ತಿ ಒಂದು ತಿಂಗಳು. "ಯಾಕ ಹೇಳಲಿಲ್ಲ? ನನಗ ಯಾಕ ಹೇಳಲಿಲ್ಲ ಅಕ್ಕು?"

ಅವಳಿಗೆ ಕನ್ನಡದಲ್ಲಿ ಉದ್ದ ಮಾತು ಕಷ್ಟ. ಆದರೂ ಅದನ್ನು ಕನ್ನಡದಲ್ಲೇ ಹೇಳಿದಳು, ನನಗೆ ಸರಿಯಾಗಿ ಮುಟ್ಟಲಿ ಎಂದೇನೋ. "ನೀ ಹೋಗಿ ಮತ್ತ ಜಗಳಾ ಮಾಡ್ತಿ. ಅಲ್ಲೆ ಕೂತಿದ್ದಾಕಿ ಮಗಳ ಗೆಳತಿ ನಮ್ಮ ಶಾಳೆಯೊಳಗ ಎಲ್ಲಾರಿಗೂ ಹೇಳ್ಯಾಳ, ನನ್ನ ಮಮ್ಮಿ ಡಾಕ್ಟರ್ ಕಡೆ ಭಾಜಿಪಾಲಾ ಕಾಯಿಪಲ್ಲೆ ತೊಗೊಂಡಂಗ ಮಾಡ್ತಾಳ ಅಂತ." ಸ್ಪ್ರಿಂಗನ್ನು ಮತ್ತೆ ಕಾಗದದಲ್ಲಿ ಸುತ್ತುತ್ತ, "ಡಾಕ್ಟರ್‌ದು ಗಲ್ತಿ ಇಲ್ಲ ಮಮ್ಮಿ. ಮೂರೂ ಸಲ ರೊಟ್ಟಿನೇ. ನಿನ್ನ ರೊಟ್ಟಿ."

"ಮತ್ತ ಅವತ್ತೇ ಹೇಳಬೇಕಿತ್ತಿಲ್ಲೋ?"

"ಅಲ್ಲೆ ಎಲ್ಲಾರ ಮುಂದ ನೀ ರೊಟ್ಟಿ ಬಗ್ಗೆ ಅಷ್ಟು ಹೇಳಿದಿ. ನಾ ಹ್ಯಾಂಗ ಹೇಳ್ಲಿ?"

 ತವೆಯಿಂದ ಹೊಗೆ ಎದ್ದಿತು, ರೊಟ್ಟಿ ಕರಿದಾಗಿ ಅಂಚು ಮೇಲೆದ್ದಿತು, ಬಡಿಯುತ್ತಿದ್ದ ಹೆಂಗಸೊಬ್ಬಳು ಬಂದು ಬರಿಗೈಯಲ್ಲೇ ಎತ್ತಿ ಹೊರಗೆ ಎಸೆದಳು. ಇಪ್ಪತ್ತು ವರ್ಷ ನನ್ನ ಸಂಸಾರ ನಡೆಸಿದ್ದು ಎರಡು: ಈ ನಾಲಿಗೆ, ಈ ರೊಟ್ಟಿ. ರೊಟ್ಟಿ ಮಗಳ ಬಾಯಿಯ ಸ್ಪ್ರಿಂಗು ಮುರಿದಿತ್ತು, ನಾಲಿಗೆ ಅವಳ ಬಾಯಿಯನ್ನೇ ಮುಚ್ಚಿಸಿತ್ತು. ಆಪರೇಷನ್ನಿನ ಮಾತನ್ನು ಅವತ್ತು ಅವಳೂ ಕೇಳಿದ್ದಳು. ಎಲುಬು ಕೊಯ್ಯುತ್ತಾರೆ ಎಂಬ ಭಯಕ್ಕಿಂತ ನನ್ನ ಜೊತೆ ಆ ಮೆಟ್ಟಿಲು ಹತ್ತುವ ಭಯ ಅವಳಿಗೆ ದೊಡ್ಡದಾಗಿತ್ತು.

ಅವತ್ತೇ ಹೊರಟೆವು. ಮಳೆಗೆ ಗಾಡಿ ದಿವಾ ಸ್ಟೇಶನ್ನಿನ ಆಚೆ ಅರ್ಧ ತಾಸು ನಿಂತಿತು.  ಡಾಕ್ಟರು ಅಕ್ಕುವಿನ ಕೈಗೆ ಕನ್ನಡಿ ಕೊಟ್ಟು ಹಲ್ಲು ಕಚ್ಚಲು ಹೇಳಿದರು, ನನಗೂ ನೋಡಿ ಎಂದರು. ಮೇಲಿನ ಎರಡು ಮುಂಬಲ್ಲುಗಳ ನಡುವಿನ ಗೆರೆಯ ನೇರಕ್ಕೆ ಕೆಳಗಿನ ನಡುಗೆರೆ ಇರಬೇಕು. ಅದು ಎಡಕ್ಕೆ ಸರಿದಿತ್ತು. ತಿಂಗಳು ಪೂರ್ತಿ ಬಲಗಡೆಯ ಸ್ಪ್ರಿಂಗೊಂದೇ ಒತ್ತಿತ್ತು. ವೇಳೆ ಹೋದದ್ದಷ್ಟೇ ಅಲ್ಲ, ಹೋಗಬಾರದ ದಿಕ್ಕಿಗೆ ಹೋಗಿತ್ತು.

ಅವರು ಬೈಯಬಹುದಿತ್ತು. ಬೈಯಲಿಲ್ಲ. ನಾನು ಚೀಲದಿಂದ ರೊಟ್ಟಿಯ ಕಟ್ಟು ತೆಗೆದು ಅವರ ಮುಂದಿಟ್ಟೆ. "ಇದರಿಂದ ಮುರದದ್ರಿ ಮೇಡಂ, ಮೂರೂ ಸಲ. ನಿಮ್ಮ ಮಾಲಿಂದಲ್ಲ. ನಾನೇ ಡಬ್ಬಿಗೆ ಹಾಕಿ ಕಳಿಸೀನಿ."

ಅವರು ಒಂದನ್ನು ಮುರಿದರು. ಕಟ್ ಎಂದಿತು. ನಾನು ಇಷ್ಟು ವರ್ಷ ಗಿರಾಕಿಗೆ ಕೇಳಿಸಿದ ಸದ್ದು ಆ ಸಣ್ಣ ಕೋಣೆಯಲ್ಲಿ ಮೊದಲ ಸಲ ನನ್ನ ಕಿವಿಗೇ ಕೇಳಿಸಿತು.

"ರುಚಿ ಉಂಟು ಅಕ್ಕ," ಎಂದರು ತುಂಡು ಬಾಯಿಗೆ ಹಾಕಿ. "ಆದ್ರೆ ಇದನ್ನು ತಿನ್ನುವ ಮೊದಲು ನನ್ನ ಹಲ್ಲಿಗೇ ಒಂದು ಮಾತು ಕೇಳ್ಬೇಕು." ಅಕ್ಕು ಕನ್ನಡಿಯ ಹಿಂದಿನಿಂದ ನಕ್ಕಳು.

"ಇನ್ನ ಆಗತದೇನ್ರಿ?"

ಅವರು ಅವತ್ತೇ ತೆಗೆದ ಹೊಸ ಎಕ್ಸ್‌ರೇಯನ್ನು ಹಳೆಯದರ ಪಕ್ಕ ಹಿಡಿದರು. ತುಂಬ ಹೊತ್ತು ನೋಡಿದರು. "ಸ್ವಲ್ಪ ಉಳಿದಿದೆ. ಎಷ್ಟು ಅಂತ ಬರೆದು ಕೊಡ್ಲಿಕ್ಕೆ ಆಗುದಿಲ್ಲ. ಇವತ್ತೇ ಹಾಕ್ತೇನೆ."

ಹೊಸ ಸ್ಪ್ರಿಂಗಿನ ದುಡ್ಡನ್ನು ಕೇಳಿದಷ್ಟು ಕೊಟ್ಟೆ. ಹಿಂದಿನ ಸಲದ ಉಳಿದರ್ಧವನ್ನೂ ಇಟ್ಟೆ. ಹೊರಗೆ ಕೂರುವ ಹುಡುಗಿ ಎರಡು ಸಲ ನನ್ನ ಮುಖ ನೋಡಿದಳು. ಅಕ್ಕು ಚಪ್ಪಲಿ ಹಾಕಿಕೊಳ್ಳುವುದನ್ನು ನಿಲ್ಲಿಸಿ ನೋಡಿದಳು. ಮೆಟ್ಟಿಲಿಳಿಯುವಾಗ ನನ್ನ ಕೈ ಹಿಡಿದಳು, ಮೂರನೇ ಕ್ಲಾಸಿನ ನಂತರ ಹಿಡಿದಿರಲಿಲ್ಲ.

ಅಲ್ಲಿಂದ ಮಾರ್ಚಿನ ತನಕ ಮನೆಯಲ್ಲಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಮೆತ್ತಗೆ ಮಾಡಿಯೇ ತಿಂದೆವು, ಮೂವರೂ. ನುಚ್ಚು ಮಾಡಿದೆ, ಮಜ್ಜಿಗೆ ಹಾಕಿ ಉಂಡೆವು. ಸ್ಪ್ರಿಂಗು ಒಮ್ಮೆಯೂ ಬಿಡಲಿಲ್ಲ. ತೆಗೆದ ದಿನ ಡಾಕ್ಟರು ಅಳೆದರು. ನಡುಗೆರೆ ಸರಿಯಾಗಿ ಕೂತಿತ್ತು, ದವಡೆ ಬಹುಪಾಲು ಮುಂದೆ ಬಂದಿತ್ತು, ಆಪರೇಷನ್ ಬೇಡ ಎಂದರು. ಒಂದು ಜೋಳದ ಕಾಳಿನಷ್ಟು ಮಾತ್ರ ಉಳಿಯಿತು. ಗೊತ್ತಿಲ್ಲದವರಿಗೆ ಕಾಣುವುದಿಲ್ಲ. ಆ ಒಂದು ತಿಂಗಳು ಹಾಳಾಗದಿದ್ದರೆ ಅದೂ ಬರುತ್ತಿತ್ತೇ ಎಂದು ಕೇಳಿದೆ. ಗೊತ್ತಿಲ್ಲ ಅಕ್ಕ ಎಂದರು. ಯಾರಿಗೂ ಗೊತ್ತಾಗುವುದಿಲ್ಲ. ಕಿಟಕಿಯ ಪಕ್ಕ ಕೂತಾಗ ಅಪ್ಪ ಕಾಣುತ್ತಾನೆ, ಸ್ವಲ್ಪ ಹಿಂದೆ ಸರಿದು ಕೂತವನ ಹಾಗೆ.

ನಿಮ್ಮ ಮನೆಯಲ್ಲೂ ದವಡೆ ಹಿಂದಿರುವ ಮಗು ಇದ್ದರೆ ನನ್ನ ಮಾತು ಕೇಳಿ. ವಯಸ್ಸು ಇನ್ನೂ ಚಿಕ್ಕದು ಎಂದು ನೀವೇ ತೀರ್ಮಾನ ಮಾಡಬೇಡಿ. ಹತ್ತು ಹನ್ನೊಂದಕ್ಕೇ ಒಮ್ಮೆ ತೋರಿಸಿ, ಹುಡುಗಿಯಾದರೆ ಮುಟ್ಟಿನ ವಿಷಯ ಮುಚ್ಚಿಡಬೇಡಿ. ದರ ಇಳಿಸಿ, ಖಂಡಿತ ಇಳಿಸಿ, ಆದರೆ ಶುರುವಾಗುವ ಮೊದಲು, ಒಂದೇ ಸಲ, ಮಗುವನ್ನು ಮನೆಯಲ್ಲಿ ಬಿಟ್ಟು ಹೋಗಿ. ಮುರಿದರೆ ಎಷ್ಟು, ಎಷ್ಟು ಸಲ ಪುಕ್ಕಟೆ ಎಂಬುದನ್ನು ಅವತ್ತೇ ಬರೆಸಿಕೊಳ್ಳಿ, ಆಮೇಲೆ ಬಾಯಿ ಮುಚ್ಚಿಕೊಳ್ಳಿ. ಗಟ್ಟಿ ಬೇಡ ಎಂದರೆ ತಲೆ ಆಡಿಸಿ ಬರಬೇಡಿ. ನಿಮ್ಮ ಮನೆಯಲ್ಲಿ ದಿನಾ ತಿನ್ನುವುದನ್ನೆಲ್ಲ ಕಟ್ಟಿಕೊಂಡು ಹೋಗಿ ಡಾಕ್ಟರ ಎದುರು ಮುರಿದು ತೋರಿಸಿ. ತಂತಿ ಹಾಕಿದ ಮಗು ನನ್ನ ಅಂಗಡಿಗೆ ಬಂದರೆ ನಾನು ಮೊದಲು ಸಾರಿನಲ್ಲಿ ನೆನೆಸಿ ತಿನ್ನಲು ಹೇಳುತ್ತೇನೆ, ಆಮೇಲೆ ಕೊಡುತ್ತೇನೆ.

ಇನ್ನೊಂದು ಕೆಲಸವಿದೆ, ಇವತ್ತೇ ಮಾಡಿ. ಮಗು ಒಂದೇ ಕಡೆ ಅಗಿಯುತ್ತಿದ್ದರೆ, ನಗುವಾಗ ಕೈ ಅಡ್ಡ ತರುತ್ತಿದ್ದರೆ, ಅದರ ಕಂಪಾಸ್ ಬಾಕ್ಸ್ ತೆರೆದು ರಬ್ಬರಿನ ಕೆಳಗೆ ನೋಡಿ. ಅಲ್ಲಿ ಏನಾದರೂ ಸಿಕ್ಕಿದರೆ ಯಾವಾಗ, ಯಾಕೆ ಎಂದು ಏನೂ ಕೇಳಬೇಡಿ. ಚಪ್ಪಲಿ ಹಾಕಿಕೊಂಡು ಮಗುವಿನ ಜೊತೆ ಮುಂದಿನ ಗಾಡಿ ಹಿಡಿಯಿರಿ.